ಆರು ಗಂಟೆಯ ಬ್ರೀ, ಏಳೂವರೆಯ ಅತಿಥಿ

ಡಿಸೆಂಬರ್ ಬಂತೆಂದರೆ ಈ ಅಮೆರಿಕದವರಿಗೆ ಎಲ್ಲಿಲ್ಲದ ಬಂಧುಪ್ರೇಮ ಉಕ್ಕುತ್ತದೆ. ಹನ್ನೊಂದು ತಿಂಗಳು ಗ್ಯಾರೇಜಿನ ಬಾಗಿಲೆತ್ತಿ, ಕಾರು ಒಳಗೆ ನುಗ್ಗಿಸಿ, ಹಾಗೇ ಬಾಗಿಲಿಳಿಸಿಕೊಳ್ಳುವ ಪಕ್ಕದ ಮನೆಯವರು ಕೂಡ ‘ಹಾಲಿಡೇ ಪಾರ್ಟಿ, ಶನಿವಾರ ಸಂಜೆ ಆರಕ್ಕೆ, ಬರುವಾಗ ಒಂದು ಅಪೆಟೈಸರ್ ತನ್ನಿ’ ಎಂದು ಚೆಂದದ ಕಾರ್ಡು ಕಳಿಸುತ್ತಾರೆ. ಅಪೆಟೈಸರ್ ಎಂದರೆ ಊಟಕ್ಕೆ ಮುಂಚೆ ತಿನ್ನುವುದು. ನಮ್ಮ ಮನೆಗಳಲ್ಲಿ ಊಟಕ್ಕೆ ಮುಂಚೆ ಡಬ್ಬಿಗೆ ಕೈಹಾಕಿದರೆ ‘ಈಗ್ಲೇ ತಿಂದ್ರೆ ಆಮೇಲೆ ಊಟ ಏನ್ ಸೇರತ್ತೋ ನಿಂಗೆ’ ಎಂದು ಅಜ್ಜಿಯಿಂದ ಕೈಮೇಲೊಂದು ಬೀಳುತ್ತಿತ್ತು. ಎಲೆ ಹಾಕುವ ತನಕ ಹಸಿವನ್ನು ಜೋಪಾನ ಮಾಡಿಕೊಂಡು ಬಂದವನೇ ಮರ್ಯಾದಸ್ಥ. ಇಲ್ಲಿ ಹಸಿವು ಹುಟ್ಟಲಿ ಅಂತಲೇ ತಿನ್ನಿಸುತ್ತಾರೆ. ಏನನ್ನು? ಬೆಣ್ಣೆ, ಮೈದಾ, ಚೀಸು. ಅದನ್ನು ತಿಂದ ಮೇಲೂ ಹಸಿವು ಹುಟ್ಟುವವನಿಗೆ ಕೈಮುಗಿಯಬೇಕು.

ಅದರಲ್ಲೂ ನಾವಿರುವುದು ವಿಸ್ಕಾನ್ಸಿನ್‌ನಲ್ಲಿ. ಇಲ್ಲಿಯ ಕಾರುಗಳ ನಂಬರ್ ಪ್ಲೇಟಿನ ಮೇಲೆ 1940ರಿಂದ ‘ಅಮೆರಿಕದ ಹೈನುನಾಡು’ ಎಂದು ಬರೆದಿರುತ್ತದೆ. ಇಡೀ ದೇಶದ ಚೀಸಿನಲ್ಲಿ ಕಾಲುಭಾಗ ಇದೊಂದೇ ರಾಜ್ಯದ್ದು. ಚೀಸು ತಯಾರಿಸಿ ಮಾರಬೇಕೆಂದರೆ ಲೈಸೆನ್ಸು ಪಡೆದ ಚೀಸುಗಾರ ಇರಲೇಬೇಕೆಂದು ಕಾನೂನು ಮಾಡಿಕೊಂಡಿರುವ ರಾಜ್ಯವೂ ಇದೊಂದೇ. ಕವಿತೆಗೆ ಅಂಥ ನಿರ್ಬಂಧವೇನೂ ಇಲ್ಲ. ಬೆಣ್ಣೆಯ ವಿಷಯದಲ್ಲಂತೂ ಇವರದು ಮಡಿ. ಬೆಣ್ಣೆಯಂತೆ ಕಾಣಲೆಂದು ಹಳದಿ ಬಣ್ಣ ಬೆರೆಸಿದ ಮಾರ್ಗರೀನ್ ಮಾರುವುದು 1895ರಿಂದ 1967ರವರೆಗೆ ಇಲ್ಲಿ ಅಪರಾಧವಾಗಿತ್ತು. ಜನ ಗಡಿ ದಾಟಿ ಇಲಿನಾಯ್‌ಗೆ ಹೋಗಿ, ಡಿಕ್ಕಿಯಲ್ಲಿ ಮಾರ್ಗರೀನ್ ಅಡಗಿಸಿಕೊಂಡು ಬರುತ್ತಿದ್ದರಂತೆ. ನಮ್ಮ ಕಡೆ ಗಡಿ ದಾಟಿಸುತ್ತಿದ್ದದ್ದು ಬೇರೆಯೇ ಸರಕು, ಬಿಡಿ.

ಇಂಥ ನಾಡಿನಲ್ಲಿ ಡಿಸೆಂಬರ್ ಪಾರ್ಟಿಗೆ ಕೋಸಂಬರಿ ಹಿಡಿದುಕೊಂಡು ಹೋದರೆ ಮುಖ ನೋಡುತ್ತಾರೆ. ಚೀಸಿನದೇ ಏನಾದರೂ ಆಗಬೇಕು, ಓವನ್ನಿನಿಂದ ಆಗತಾನೆ ಇಳಿದಿರಬೇಕು. ಪುಸ್ತಕ, ಪತ್ರಿಕೆ, ಚೀಸಿನ ಪೊಟ್ಟಣದ ಹಿಂಬದಿ, ಎಲ್ಲಿ ನೋಡಿದರೂ ಇದನ್ನು ‘ಈಸಿ’ ಎಂದೇ ಕರೆದಿರುತ್ತಾರೆ. ಸುಳ್ಳಲ್ಲ, ಮಾಡುವುದು ನಿಜವಾಗಿಯೂ ಸುಲಭ. ಕಷ್ಟವಿರುವುದು ಬೇರೆ ಕಡೆ. ಕಾಯಿಸಿದ ಚೀಸಿಗೆ ಕಾಯುವುದು ಗೊತ್ತಿಲ್ಲ. ನಮ್ಮವರಿಗೆ ಹೊತ್ತಿಗೆ ಬರುವುದು ಗೊತ್ತಿಲ್ಲ. ಈ ಇಬ್ಬರನ್ನೂ ಒಂದೇ ಸಂಜೆ ಒಂದೇ ಸೂರಿನಡಿ ಕೂಡಿಸುವುದಿದೆಯಲ್ಲ, ಅದಕ್ಕೆ ಯಾರೂ ರೆಸಿಪಿ ಬರೆದಿಲ್ಲ.

ಬ್ರೀಯನ್ನೇ ತೆಗೆದುಕೊಳ್ಳಿ. ಪ್ಯಾರಿಸ್‌ನ ಪೂರ್ವಕ್ಕಿರುವ ಬ್ರೀ ಸೀಮೆಯ ಚೀಸು, ದುಂಡಗೆ, ಬಿಳಿ ಮಖಮಲ್ಲಿನ ಹೊದಿಕೆ ಹೊದ್ದುಕೊಂಡಿರುತ್ತದೆ. ಆ ಮಖಮಲ್ಲು ಅಸಲಿಗೆ ಬೂಷ್ಟು. ಬ್ರೆಡ್ಡಿನ ಮೇಲೆ ಅದರ ತಮ್ಮನನ್ನು ಕಂಡರೆ ‘ಅಯ್ಯೋ, ಎಸೀರಿ’ ಎನ್ನುವ ನಮ್ಮ ಯಜಮಾನರು ಅಂಗಡಿಯಲ್ಲಿ ಡಾಲರು ಎಣಿಸಿ ಇದನ್ನು ತರುತ್ತಾರೆ. ಫ್ರಾನ್ಸಿನ ಅಸಲಿ ಬ್ರೀ ದ ಮೋ ಹಸಿಹಾಲಿನದು. ಹಸಿಹಾಲಿನ ಚೀಸು ಕನಿಷ್ಠ 60 ದಿನ ಮಾಗಿರಬೇಕೆಂಬುದು ಅಮೆರಿಕದ ನಿಯಮ, ಬ್ರೀ ಅಷ್ಟು ದಿನಕ್ಕೆ ಮೊದಲೇ ತಿನ್ನುವ ಹದಕ್ಕೆ ಬಂದುಬಿಡುತ್ತದೆ. ಹಾಗಾಗಿ ಇಲ್ಲಿ ನಮಗೆ ಸಿಗುವುದು ಪಾಶ್ಚರೀಕರಿಸಿದ ಹಾಲಿನ ಸಾಧು ಬ್ರೀ. ಅದನ್ನು ಫ್ರೀಜರಿನ ಪಫ್ ಪೇಸ್ಟ್ರಿ ಹಾಳೆಯ ನಡುವೆ ಕೂರಿಸಿ, ತಲೆಯ ಮೇಲೆ ಎರಡು ಚಮಚ ಅಂಜೂರದ ಜ್ಯಾಮು, ಒಂದಿಷ್ಟು ಪೆಕಾನ್ ಕಾಯಿ ಸುರಿದು, ಹಾಳೆಯ ಅಂಚುಗಳನ್ನು ಮೇಲಕ್ಕೆ ಮಡಚಿ, 400 ಡಿಗ್ರಿಗೆ ಕಾದ ಓವನ್ನಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಇಟ್ಟರೆ ಮುಗಿಯಿತು. ಹೆದರಬೇಡಿ, ಇದು ಫ್ಯಾರನ್‌ಹೀಟು; ನಮ್ಮ ಲೆಕ್ಕದಲ್ಲಿ 200 ಡಿಗ್ರಿಯ ಆಸುಪಾಸು. ಹೊರಗೆ ತೆಗೆದೊಡನೆ ಚಾಕು ಹಾಕಿದರೆ ಒಳಗಿನದೆಲ್ಲ ನೀರಾಗಿ ಹರಿದು ತಟ್ಟೆಯಾಚೆ ಹೋಗುತ್ತದೆ. ಹತ್ತು ನಿಮಿಷ ಬಿಡಬೇಕು. ಆಮೇಲಿನ ಕಾಲು ಗಂಟೆಯೇ ಅದರ ಅಮೃತಘಳಿಗೆ. ಆ ಕಾಲು ಗಂಟೆ ಕಳೆಯಿತೋ, ಕೊಬ್ಬು ಗಟ್ಟಿಯಾಗುತ್ತ ಬಂದು, ಮೇಲಿನ ಗರಿಗರಿ ಮೆತ್ತಗಾಗಿ, ಮುಹೂರ್ತ ತಪ್ಪಿದ ಮದುಮಗನ ಹಾಗೆ ಕೂತುಬಿಡುತ್ತದೆ.

ಈಗ ಗಡಿಯಾರ ನೋಡಿ. ಆರು ಗಂಟೆಗೆ ಕರೆದರೆ ಯಜಮಾನರ ಆಫೀಸಿನವರು ಆರು ಗಂಟೆ ಎರಡು ನಿಮಿಷಕ್ಕೆ ಹೊಸ್ತಿಲಲ್ಲಿ ಬೂಟಿನ ಹಿಮ ಕೊಡವುತ್ತಿರುತ್ತಾರೆ. ಆ ಎರಡು ನಿಮಿಷ ಕೂಡ ಮರ್ಯಾದೆಗೆಂದು ಕಾರಿನಲ್ಲೇ ಕೂತಿದ್ದವರು. ನಮ್ಮವರಿಂದ ಆ ಹೊತ್ತಿಗೆ ‘ಹೊರಟ್ವಿ’ ಎಂದು ಮೆಸೇಜು ಬರುತ್ತದೆ. ‘ಹೊರಟ್ವಿ’ ಅಂದರೆ ಸೀರೆಗೆ ಇಸ್ತ್ರಿ ನಡೆಯುತ್ತಿದೆ. ‘ದಾರೀಲಿದೀವಿ’ ಅಂದರೆ ಬೀಗದ ಕೈ ಹುಡುಕುತ್ತಿದ್ದಾರೆ. ‘ಬಂದೇಬಿಟ್ವಿ’ ಬಂದ ಮೇಲೆ ಓವನ್ ಹಚ್ಚಿದರೆ ಸಾಕು, ಬ್ರೀ ಬೆಂದು, ಆರಿ, ಮತ್ತೆ ಬಿಸಿಯಾಗುವಷ್ಟು ಸಮಯವಿದೆ. ಏಳೂವರೆಗೆ ಬಾಗಿಲು ತಳ್ಳಿಕೊಂಡು ಬಂದ ಭಾವನವರು ‘ಏನಮ್ಮಾ, ಟ್ರಾಫಿಕ್ಕು’ ಎನ್ನುತ್ತಾರೆ. ನಮ್ಮ ಊರಿನಲ್ಲಿ ಟ್ರಾಫಿಕ್ಕು ಅಂದರೆ ಮೂರು ಕಾರು ಮತ್ತು ರಸ್ತೆ ದಾಟುವ ಒಂದು ಜಿಂಕೆ.

ಚೀಸನ್ನು ಸಮಯಕ್ಕೆ ಸರಿಯಾಗಿ ತಿನ್ನುವುದರಲ್ಲಿ ಈ ದೇಶದವರಿಗೆ ಹಳೆಯ ಅಭ್ಯಾಸವಿದೆ. 1802ರ ಹೊಸ ವರ್ಷದ ದಿನ ಮ್ಯಾಸಚೂಸೆಟ್ಸ್‌ನ ಚೆಷೈರ್ ಎಂಬ ಊರಿನವರು ಅಧ್ಯಕ್ಷ ಜೆಫರ್ಸನ್‌ಗೆ 1,235 ಪೌಂಡಿನ ಒಂದೇ ಒಂದು ಚೀಸನ್ನು ಉಡುಗೊರೆ ಕೊಟ್ಟರು. ಅದರಲ್ಲಿ ವಿರೋಧ ಪಕ್ಷದವರ ಕೊಟ್ಟಿಗೆಯ ಒಂದೇ ಒಂದು ಹಸುವಿನ ಹಾಲನ್ನೂ ಸೇರಿಸಿಲ್ಲ ಎಂದು ಹೇಳಿಕೊಂಡರಂತೆ. ಹಸುವಿಗೂ ಪಕ್ಷ! ನಮ್ಮವರಿಗೆ ಇದು ಇನ್ನೂ ಹೊಳೆದಿಲ್ಲ, ಹೊಳೆಯದಿರಲಿ. ಆಮೇಲೆ ಬಂದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್‌ಗೆ ಇನ್ನೂ ದೊಡ್ಡದು ಬಂತು, 1,400 ಪೌಂಡು, ಅಂದರೆ 635 ಕಿಲೋ. ಒಂದು ವರ್ಷಕ್ಕೂ ಹೆಚ್ಚು ಕಾಲ ಶ್ವೇತಭವನದಲ್ಲೇ ಮಾಗಿತು. 1837ರ ಫೆಬ್ರವರಿ 22ರಂದು ಬಾಗಿಲು ತೆರೆದು ‘ಬನ್ನಿ, ತಿನ್ನಿ’ ಎಂದ. ಎರಡು ಗಂಟೆಯಲ್ಲಿ ಅಷ್ಟೂ ಖಾಲಿ. ನೆಲ, ಗೋಡೆಗೆಲ್ಲ ಮೆತ್ತಿದ ವಾಸನೆ ಮಾತ್ರ ಮುಂದಿನ ಅಧ್ಯಕ್ಷರ ಪಾಲಿಗೆ ಉಳಿಯಿತು. ಅವತ್ತು ಆ ಊರಿನಲ್ಲಿ ನಮ್ಮವರಿದ್ದಿದ್ದರೆ ಮೂರನೇ ಗಂಟೆಗೆ ಹೋಗಿ ‘ಅಯ್ಯೋ, ಇಷ್ಟು ಬೇಗ ಮುಗಿದುಹೋಯ್ತಾ’ ಎನ್ನುತ್ತಿದ್ದರು.

ಹಾಗಾಗಿ ನನ್ನ ಸಿದ್ಧಾಂತ ಇಷ್ಟೇ. ಚೀಸನ್ನು ನಿಮ್ಮ ನಾಲಿಗೆ ನೋಡಿ ಆರಿಸಬೇಡಿ, ಅತಿಥಿಯ ಗಡಿಯಾರ ನೋಡಿ ಆರಿಸಿ.

ಸಮಯಪಾಲಕರಿಗೆ ಬ್ರೀ. ಅದನ್ನೇ ಇನ್ನೂ ಸುಲಭ ಮಾಡಬೇಕೆಂದರೆ ಪುಟ್ಟ ಪುಟ್ಟ ಗುಳಿಗಳ ಮಫಿನ್ ಟ್ರೇ ಇದೆಯಲ್ಲ, ಅದರ ಒಂದೊಂದು ಗುಳಿಗೂ ಡಬ್ಬಿಯ ಕ್ರೆಸೆಂಟ್ ಹಿಟ್ಟಿನ ತುಂಡು, ಒಂದು ಚೂರು ಬ್ರೀ, ಅರ್ಧ ಚಮಚ ಕ್ರ್ಯಾನ್‌ಬೆರಿ ಸಾಸು ಹಾಕಿ 375ರಲ್ಲಿ ಹದಿನೈದು ನಿಮಿಷ. ಈ ಡಬ್ಬಿಯ ಹಿಟ್ಟಿನದೇ ಒಂದು ಕಥೆ. ಕೆಂಟಕಿಯ ಲೈವ್ಲಿ ವಿಲೋಬಿ ಎಂಬಾತ ತಣ್ಣಗಿನ ಹಸಿ ಹಿಟ್ಟನ್ನು ಡಬ್ಬಿಯಲ್ಲಿ ಅದುಮಿಡುವ ಉಪಾಯಕ್ಕೆ 1931ರಲ್ಲಿ ಪೇಟೆಂಟು ಪಡೆದ. ಒಳಗೆ ಹಿಟ್ಟು ಉಬ್ಬುತ್ತಲೇ ಇರುತ್ತದೆ, ಹೊರಗಿನ ಕಾಗದ ಸುಲಿದೊಡನೆ ಢಬ್ ಎಂದು ಸಿಡಿಯುತ್ತದೆ. ಊರಿನಿಂದ ಬಂದಿದ್ದ ಅತ್ತೆಯವರು ಆ ಸದ್ದಿಗೆ ಕೈಯಲ್ಲಿದ್ದ ಜಪಮಣಿ ಬಿಟ್ಟು ‘ಕುಕ್ಕರ್ ಸಿಡೀತು!’ ಎಂದು ಕೂಗಿಕೊಂಡಿದ್ದರು. ಈಗ ಡಬ್ಬಿ ಒಡೆಯುವ ಕೆಲಸ ಅವರದೇ. ದೀಪಾವಳಿಯ ಪಟಾಕಿಗಿಂತ ಇದೇ ವಾಸಿ ಎನ್ನುತ್ತಾರೆ.

ಒಬ್ಬೊಬ್ಬರಾಗಿ ಬರುವವರಿಗೆ ಗೂಜೇರ್. ಫ್ರಾನ್ಸಿನ ಬರ್ಗಂಡಿಯದು, ಅಲ್ಲಿ ವೈನ್ ರುಚಿ ನೋಡಲು ಬಂದವರ ಮುಂದೆ ಇಡುತ್ತಾರೆ. ಒಂದು ಲೋಟ ನೀರು, ನೂರು ಗ್ರಾಂ ಚಿಲ್ಲರೆ ಬೆಣ್ಣೆ ಕುದಿಸಿ, ಒಂದು ಲೋಟ ಮೈದಾ ಒಮ್ಮೆಗೇ ಸುರಿದು ಗಂಟಾಗದಂತೆ ತಿರುವಬೇಕು. ಮುದ್ದೆ ತಿರುವಿ ಗೊತ್ತಿದ್ದವರ ರಟ್ಟೆಗೆ ಇದು ಲೆಕ್ಕಕ್ಕಿಲ್ಲ. ಸ್ವಲ್ಪ ಆರಿದ ಮೇಲೆ ನಾಲ್ಕು ಮೊಟ್ಟೆ, ಒಂದಾದ ಮೇಲೊಂದು, ಕೊನೆಗೆ ಒಂದು ಬಟ್ಟಲು ತುರಿದ ಗ್ರುಯೇರ್ ಚೀಸು. ಚಮಚದಲ್ಲಿ ಸಣ್ಣ ಉಂಡೆಗಳನ್ನು ಟ್ರೇ ಮೇಲೆ ಬಿಟ್ಟು 400ರಲ್ಲಿ ಬೇಯಿಸಿದರೆ ಒಳಗಿನ ನೀರು ಆವಿಯಾಗಿ ಉಂಡೆ ಉಬ್ಬಿ ಟೊಳ್ಳಾಗುತ್ತದೆ. ಮಧ್ಯದಲ್ಲಿ ಬಾಗಿಲು ತೆಗೆದು ಇಣುಕಿದರೆ ಕುಸಿಯುತ್ತದೆ. ಇಣುಕುವುದು ನಮ್ಮ ಯಜಮಾನರ ಜನ್ಮಸಿದ್ಧ ಹಕ್ಕಾದ್ದರಿಂದ ಅವತ್ತು ಅವರನ್ನು ಅಂಗಳದ ಹಿಮ ಗೋರುವುದಕ್ಕೆ ಕಳಿಸುವುದು. ಇದರ ದೊಡ್ಡ ಗುಣವೆಂದರೆ ಹಸಿ ಉಂಡೆಗಳನ್ನೇ ಫ್ರೀಜರಿನಲ್ಲಿ ಕಲ್ಲು ಮಾಡಿ ಇಟ್ಟುಕೊಳ್ಳಬಹುದು. ಒಂದು ಕಾರು ಬಂದರೆ ಒಂದು ಹಿಡಿ ಒಳಕ್ಕೆ. ಮತ್ತೊಂದು ಕಾರಿನ ದೀಪ ಕಂಡರೆ ಮತ್ತೊಂದು ಹಿಡಿ. ಬಂದವರಿಗೆಲ್ಲ ‘ನಿಮಗೋಸ್ಕರವೇ ಈಗ ಇಳಿಸಿದ್ದು’ ಎಂದರೆ ಸುಳ್ಳಾಗುವುದಿಲ್ಲ. ಮೊಟ್ಟೆ ತಿನ್ನದವರು ಮಾತ್ರ ಪಾಪ, ಆ ಘಮವನ್ನೇ ನೈವೇದ್ಯವೆಂದು ಸ್ವೀಕರಿಸಬೇಕು.

ಯಾವಾಗ ಬರುತ್ತಾರೋ, ಅಸಲು ಬರುತ್ತಾರೋ ಇಲ್ಲವೋ ಎಂಬವರಿಗೆ ಚೀಸ್ ಸ್ಟ್ರಾ. ನನ್ನನ್ನು ಕೇಳಿದರೆ ಇದನ್ನು ಮೀರಿಸಿದ್ದು ಇಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ತಿಂಡಿ ಇದು; ಅಲ್ಲಿ ಮದುವೆ, ಸಾವು, ಕ್ರಿಸ್‌ಮಸ್ ಏನೇ ಆಗಲಿ ತಗಡಿನ ಡಬ್ಬಿಯೊಂದು ಹೊರಗೆ ಬರುತ್ತದೆ. ಚೆನ್ನಾಗಿ ಮಾಗಿ ಖಡಕ್ಕಾದ ಚೆಡ್ಡರ್ ಕಾಲು ಕಿಲೋಗೆ ತುಸು ಕಡಿಮೆ, ಅದರ ಅರ್ಧ ಬೆಣ್ಣೆ, ಒಂದೂವರೆ ಲೋಟ ಮೈದಾ, ಉಪ್ಪು, ಕೆಂಪು ಮೆಣಸಿನ ಪುಡಿ. ನೀರಿನ ಮಾತೇ ಇಲ್ಲ. ಚೀಸನ್ನು ಮಾತ್ರ ನೀವೇ ತುರಿಯಬೇಕು. ಪೊಟ್ಟಣದಲ್ಲಿ ತುರಿದೇ ಬರುವ ಚೀಸಿಗೆ ಎಳೆ ಎಳೆ ಅಂಟಿಕೊಳ್ಳದಿರಲೆಂದು ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಬಳಿದಿರುತ್ತಾರೆ. ಒಂದಕ್ಕೊಂದು ಅಂಟಬಾರದೆಂದು ಶಪಥ ಮಾಡಿಸಿದ ಚೀಸು ಹಿಟ್ಟಿಗೆ ತಾನೇ ಹೇಗೆ ಅಂಟೀತು?

ನಾದಿದ ಹಿಟ್ಟನ್ನು ಕಡ್ಡಿಯಾಗಿ ಒತ್ತಲು ಅವರ ಹತ್ತಿರ ಕುಕಿ ಪ್ರೆಸ್ ಎಂಬ ಯಂತ್ರವಿದೆ. ಕೊಳವೆ, ಮೇಲೊಂದು ಒತ್ತುವ ಹಿಡಿ, ತುದಿಗೆ ನಕ್ಷತ್ರದ ತೂತಿನ ಬಿಲ್ಲೆ. ಅಂಗಡಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನೋಡಿದ ಯಾವ ಕನ್ನಡತಿಯೂ ಬೆಲೆ ಕೇಳದೆ ಕೆಳಗಿಟ್ಟು ಬರುತ್ತಾಳೆ, ಯಾಕೆಂದರೆ ಅವಳ ಸೂಟ್‌ಕೇಸಿನಲ್ಲಿ ಅಮ್ಮ ಸುತ್ತಿಕೊಟ್ಟ ಹಿತ್ತಾಳೆಯ ಚಕ್ಕುಲಿ ಒರಳು ಕೂತಿರುತ್ತದೆ. ವಿಮಾನ ನಿಲ್ದಾಣದಲ್ಲಿ ಮೂವರು ಅಧಿಕಾರಿಗಳು ತಿರುಗಿಸಿ ಮುರುಗಿಸಿ ನೋಡಿ, ‘ಇದೇನು?’ ಎಂದು ಕೇಳಿ, ಉತ್ತರ ಅರ್ಥವಾಗದೆ ಬಿಟ್ಟ ಒರಳು ಅದು. ಅದರ ಮುಳ್ಳು ಬಿಲ್ಲೆ ಹಾಕಿ ಟ್ರೇ ಮೇಲೆ ಉದ್ದುದ್ದ ಒತ್ತಿ, ಬೆರಳುದ್ದ ಕತ್ತರಿಸಿ, 350ರಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ ನೋಡಿ. ಚೀಸನ್ನು ಸಣ್ಣ ತೂತಿನ ತುರಿಮಣೆಯಲ್ಲಿ ತುರಿದಿರಬೇಕು, ಇಲ್ಲವಾದರೆ ಬಿಲ್ಲೆಯ ಮೂಲೆಯಲ್ಲಿ ಸಿಕ್ಕಿಕೊಂಡು ಪೀಡಿಸುತ್ತದೆ. ಮೆಣಸಿನ ಪುಡಿ ಬ್ಯಾಡಗಿಯದಾದರೆ ಬಣ್ಣ ಚೆಂದ. ಖಾರಕ್ಕೆ ಒಂದು ಚಿಟಿಕೆ ಗುಂಟೂರು. ದಕ್ಷಿಣದಿಂದ ಬಂದು ಇಲ್ಲಿ ನೆಲೆಸಿದ ಒಬ್ಬ ಅಜ್ಜಿ ಅದನ್ನು ಕಟುಂ ಎಂದು ಕಡಿದು, ‘ನಿನ್ನ ತಾಯಿ ಅಲಬಾಮಾದವಳೇನು?’ ಎಂದು ಕೇಳಿದರು. ಅಮ್ಮ ತಿಪಟೂರಿನವಳು ಎಂದೆ. ಅಲಬಾಮಾದಲ್ಲಿ ಅದು ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿದರು.

ಇದರ ಸೊಗಸು ಇರುವುದು ಆರಿದ ಮೇಲೆ. ಡಬ್ಬಿಯಲ್ಲಿಟ್ಟರೆ ವಾರವಾದರೂ ಗರಿಗರಿ. ಏಳೂವರೆಗೆ ಬನ್ನಿ, ಒಂಬತ್ತಕ್ಕೆ ಬನ್ನಿ, ‘ಸಾರಿ, ಮರೆತೇಹೋಯ್ತು’ ಎಂದು ಮಾರನೆಯ ಭಾನುವಾರ ಬನ್ನಿ, ಚೀಸ್ ಸ್ಟ್ರಾ ಮುನಿಸಿಕೊಳ್ಳುವುದಿಲ್ಲ.

ಏನೂ ಮಾಡಲು ಮನಸ್ಸಿಲ್ಲದ ದಿನಕ್ಕೆ ವಿಸ್ಕಾನ್ಸಿನ್‌ನ ಅಂಗಡಿಯಲ್ಲಿ ‘ಬ್ರೆಡ್ ಚೀಸ್’ ಎಂಬ ಇಟ್ಟಿಗೆ ಸಿಗುತ್ತದೆ. ಬ್ರೆಡ್ಡಿಗೂ ಅದಕ್ಕೂ ಸಂಬಂಧವಿಲ್ಲ, ಮೇಲ್ಮೈ ಸುಟ್ಟ ರೊಟ್ಟಿಯಂತೆ ಕಂದು ಚುಕ್ಕೆಯಾಗಿ ಕಾಣುತ್ತದೆ, ಅಷ್ಟೆ. ಫಿನ್ಲೆಂಡಿನಿಂದ ವಲಸೆ ಬಂದವರು ಈ ಸೀಮೆಗೆ ತಂದದ್ದು. ಡೈರಿಯಲ್ಲೇ ಒಮ್ಮೆ ಬೇಯಿಸಿ ಕೊಟ್ಟಿರುತ್ತಾರೆ. ಮನೆಯಲ್ಲಿ ತುಂಡು ಮಾಡಿ ಓವನ್ನಿನಲ್ಲಿ ಎಂಟು ಹತ್ತು ನಿಮಿಷ ಬೆಚ್ಚಗೆ ಮಾಡಿದರೆ ಬೆವರಿ ಹೊಳೆಯುತ್ತದೆಯೇ ಹೊರತು ಕರಗುವುದಿಲ್ಲ. ಹಲ್ಲಿಗೆ ಸಿಕ್ಕರೆ ಕೀಚ್ ಎನ್ನುತ್ತದೆ. ತಣ್ಣಗಾದರೆ ಮತ್ತೆ ಒಳಗಿಡಿ, ಮತ್ತೆ ತೆಗೆಯಿರಿ, ಅದಕ್ಕೆ ಬೇಜಾರಿಲ್ಲ. ಇದನ್ನು ಹಿಂದೆ ಫಿನ್ಲೆಂಡಿನ ಹಳ್ಳಿಗಳಲ್ಲಿ ಹಸು ಕರು ಹಾಕಿದ ಮೊದಲ ದಿನಗಳ ಹಾಲಿನಿಂದ ಮಾಡುತ್ತಿದ್ದರಂತೆ. ಇದನ್ನು ಹೇಳಿದೊಡನೆ ನಮ್ಮ ಪಾರ್ಟಿಯ ಅರ್ಧ ಜನ ‘ಅಯ್ಯೋ, ಗಿಣ್ಣು!’ ಎಂದು ಕೂಗಿದರು. ಆಮೇಲೆ ಅರ್ಧ ಗಂಟೆ ಚೀಸಿನ ಮಾತೇ ಇಲ್ಲ. ಯಾರ ಮನೆಯ ಎಮ್ಮೆ ಯಾವ ವರ್ಷ ಕರು ಹಾಕಿತು, ಯಾರ ದೊಡ್ಡಮ್ಮ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಹೇಗೆ ಬೇಯಿಸುತ್ತಿದ್ದರು, ಗಿಣ್ಣು ಕೊಟ್ಟ ಪಾತ್ರೆಯನ್ನು ತೊಳೆದು ವಾಪಸು ಕೊಡಬೇಕೋ ತೊಳೆಯದೆಯೋ, ಇವೇ. ಉತ್ತರ ಫಿನ್ಲೆಂಡಿನವರು ಇದರ ತುಂಡನ್ನು ಬಿಸಿ ಕಾಫಿಯೊಳಗೆ ಹಾಕಿಕೊಂಡು ತಿನ್ನುತ್ತಾರೆ ಎಂದೆ. ಅಲ್ಲಿಗೆ ಫಿನ್ಲೆಂಡಿನ ಮೇಲಿದ್ದ ಗೌರವವೆಲ್ಲ ಇಳಿದುಹೋಯಿತು. ಚಿಕ್ಕಮಗಳೂರಿನವರೊಬ್ಬರು ಎದ್ದೇ ಹೋದರು, ಬಾತ್‌ರೂಮಿಗಿರಬಹುದು.

ಚೀಸು ಎಷ್ಟೇ ಚೆನ್ನಾಗಿ ಬೆಂದರೂ ನಮ್ಮವರ ಪಾರ್ಟಿಯಲ್ಲಿ ಅದು ನೇರ ಬಾಯಿಗೆ ಹೋಗುವುದಿಲ್ಲ. ಮೊದಲು ಪೊಟ್ಟಣದ ಹಿಂಬದಿಯ ಪರೀಕ್ಷೆ. ಕನ್ನಡಕ ಹಣೆಗೇರಿಸಿ ಭಾವನವರು ‘ಎನ್‌ಜೈಮ್ಸ್’ ಎಂಬ ಒಂದೇ ಪದದ ಮೇಲೆ ಬೆರಳಿಡುತ್ತಾರೆ. ಹಾಲು ಒಡೆಯಲು ಹಾಕುವ ರೆನೆಟ್ಟು ಮೊದಲು ಎಳೆಗರುವಿನ ನಾಲ್ಕನೆಯ ಹೊಟ್ಟೆಯಿಂದ ಬರುತ್ತಿತ್ತು. ಇಟಲಿಯ ಅಸಲಿ ಪಾರ್ಮಿಜಾನೊಗೆ ಇವತ್ತಿಗೂ ಅದೇ ಆಗಬೇಕೆಂದು ನಿಯಮ. ಆದರೆ 1990ರಲ್ಲಿ ಅಮೆರಿಕದ ಆಹಾರ ಇಲಾಖೆ ಹೊಸದೊಂದಕ್ಕೆ ಒಪ್ಪಿಗೆ ಕೊಟ್ಟಿತು: ಕರುವಿನ ಆ ಒಂದು ಜೀನನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ, ಅದರ ಕೈಯಲ್ಲೇ ರೆನೆಟ್ಟಿನ ಮುಖ್ಯ ಕಿಣ್ವವನ್ನು ಮಾಡಿಸುವುದು. ಈಗ ಇಲ್ಲಿಯ ಬಹುಪಾಲು ಚೀಸು ಹಾಗೇ ಆಗುತ್ತದೆ, ಯಾವ ಕರುವಿಗೂ ತೊಂದರೆಯಿಲ್ಲ.

ಇಷ್ಟು ಹೇಳಿದರೆ ಸಾಕಲ್ಲವೇ? ಸಾಲದು. ‘ಕರುವಿನಿಂದ ಬಂದ ಜೀನು ಅಂದಮೇಲೆ ಕರುವೇ ಆಯ್ತಲ್ಲ’ ಎಂದು ಒಬ್ಬರು. ‘ಜೀನು ಬರೀ ಮಾಹಿತಿ ಸ್ವಾಮಿ, ಮಾಹಿತಿಗೆ ಮಾಂಸ ಎಲ್ಲಿಂದ ಬಂತು’ ಎಂದು ಸಾಫ್ಟ್‌ವೇರಿನವರು. ‘ಹಾಗಾದರೆ ಕೋಳಿಯ ಮಾಹಿತಿ ಬಾಣಲೆಗೆ ಬಿದ್ದರೆ?’ ‘ಜೀವ ಬೇರೆ, ಜಡ ಬೇರೆ.’ ‘ಅದು ನಿಮ್ಮ ಮಠದಲ್ಲಿ, ನಮ್ಮಲ್ಲಿ ಎಲ್ಲಾ ಒಂದೇ.’ ಎಲ್ಲಾ ಒಂದೇ ಎಂದವರು ಆ ಧೈರ್ಯದ ಮೇಲೆ ಎರಡು ತುಂಡು ಹೆಚ್ಚಿಗೆ ತಿಂದರು. ಶತಮಾನಗಳಲ್ಲಿ ಮುಗಿಯದ ಚರ್ಚೆ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಬ್ರೀ ಆರುವುದರೊಳಗೆ ಮುಗಿದೀತೇ? ಎದುರಿಗಿದ್ದ ಆಫೀಸಿನವರು ಒಂದಕ್ಷರ ಅರ್ಥವಾಗದಿದ್ದರೂ ತಲೆಯಾಡಿಸುತ್ತ ಅಷ್ಟರಲ್ಲಿ ತಟ್ಟೆ ಖಾಲಿ ಮಾಡಿದ್ದರು. ವಾದ ಗೆದ್ದವರಿಗೆ ಪೇಸ್ಟ್ರಿಯ ಪುಡಿ ಸಿಕ್ಕಿತು.

ಇಷ್ಟಾದ ಮೇಲೆ ಹೊರಡುವ ಹೊತ್ತಿಗೆ ಶುರುವಾಗುವುದು ‘ರೆಸಿಪಿ ಕೊಡಿ’. ಕೋಟು ಹಾಕಿಕೊಂಡು, ಬೂಟು ಏರಿಸಿ, ಬಾಗಿಲು ಅರ್ಧ ತೆಗೆದು, ಹೊರಗಿನ ಚಳಿಯನ್ನೆಲ್ಲ ಒಳಗೆ ಬಿಟ್ಟುಕೊಂಡು ನಿಂತೇ ಕೇಳಬೇಕೆಂದು ಶಾಸ್ತ್ರ. ‘ತುಂಬಾ ಈಸಿ ಅಂದ್ರಲ್ಲ, ಹೇಳಿಬಿಡಿ.’ ಮೈದಾ ಎಂದೆ. ‘ನಾವು ಮೈದಾ ಬಿಟ್ಟು ಎರಡು ವರ್ಷವಾಯ್ತು, ರಾಗಿ ಹಾಕ್ತೀನಿ.’ ಬೆಣ್ಣೆ? ‘ಇವರಿಗೆ ಕೊಲೆಸ್ಟರಾಲು, ಎರಡು ಚಮಚ ಎಣ್ಣೆ ಸಾಕಲ್ವಾ?’ ಚೆಡ್ಡರ್? ‘ಅದೇ ಎನ್‌ಜೈಮ್ ರಗಳೆ. ಮನೇಲೇ ಪನೀರ್ ಮಾಡಿ ಹಾಕ್ತೀನಿ.’ ಪನೀರು ಕರಗುವುದಿಲ್ಲ, ಆಂಟಿ, ಎಂದೆ. ಸುಮ್ಮನೆ ಹೇಳಿದ್ದಲ್ಲ. ಚೀಸು ಕರಗಬೇಕಾದರೆ ಅದರ ಹುಳಿ ಹದವಾಗಿರಬೇಕು. ಬ್ರೆಡ್ ಚೀಸಿನಲ್ಲಿ ಹುಳಿ ಸಾಲದು, ಪ್ರೋಟೀನನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಜಾಗ ಬಿಟ್ಟು ಕದಲದು, ಆದ್ದರಿಂದ ಕರಗದು. ಪನೀರಿನದು ಉಲ್ಟಾ: ಬಿಸಿ ಹಾಲಿಗೆ ನಿಂಬೆರಸ ಹಿಂಡಿದಾಗ ಹುಳಿ ಹೆಚ್ಚಾಗಿ ಕ್ಯಾಲ್ಸಿಯಂ ಕಳಚಿಕೊಂಡು, ಪ್ರೋಟೀನುಗಳು ಒಂದನ್ನೊಂದು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ, ಆಮೇಲೆ ಎಷ್ಟು ಕಾಯಿಸಿದರೂ ಒಣಗುತ್ತವೆಯೇ ಹೊರತು ಹರಿಯುವುದಿಲ್ಲ. ನಡುವಿನ ಹದದಲ್ಲಿರುವ ಚೆಡ್ಡರ್, ಮೊಝರೆಲ್ಲಾಗಳಿಗೆ ಮಾತ್ರ ಕರಗುವ ಯೋಗ.

‘ಅದೆಲ್ಲ ನಮಗೆ ಬೇಡಮ್ಮಾ, ಓವನ್ ಎಷ್ಟರಲ್ಲಿಡಲಿ ಹೇಳು’ ಎಂದರು. 350 ಎಂದೆ. ‘ನಮ್ಮದು ಏರ್ ಫ್ರೈಯರ್’ ಎಂದು ಹೇಳಿ ಬಾಗಿಲು ಹಾಕಿಕೊಂಡು ಹೋದರು.

ಹೊಸ ವರ್ಷದ ಮೊದಲ ಶನಿವಾರ ಇನ್ನೊಬ್ಬರ ಮನೆಯಲ್ಲಿ ಪಾರ್ಟಿ. ಮೇಜಿನ ಮೇಲೆ ಸ್ಟೀಲಿನ ತಟ್ಟೆ, ಅದರ ತುಂಬ ಕಡುಕಂದು ಬಣ್ಣದ ಕಡ್ಡಿಗಳು. ಒಂದನ್ನು ಯಾರೋ ಮುರಿಯಲು ನೋಡುತ್ತಿದ್ದರು, ಮುರಿದಿರಲಿಲ್ಲ. ಆಂಟಿ ದೂರದಿಂದಲೇ ನನ್ನನ್ನು ನೋಡಿ, ಸುತ್ತ ಇದ್ದವರಿಗೆಲ್ಲ ಕೇಳುವಂತೆ ಹೇಳಿದರು: ‘ಇವಳು ಹೇಳಿಕೊಟ್ಟಿದ್ದು. ಇವಳು ಹೇಳಿದ ಹಾಗೇ, ಒಂದು ಚೂರೂ ಬದಲಾಯಿಸದೆ ಮಾಡಿದೀನಿ.’